ಈಜುಕೊಳದಿಂದ ಮನೆಬಾಗಿಲಿಗೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಸರ್ಕಾರಿ ನಕ್ಷೆಗಳನ್ನು ರಚಿಸಿದವರು ಹಲವರಿರಬಹುದು. ಆದರೆ ಆ ನಕ್ಷೆಗಳನ್ನು ಕಚೇರಿಗಳ ಮುಷ್ಟಿಯಿಂದ ಬಿಡಿಸಿ, ಅಗತ್ಯವಿದ್ದ ಕಚೇರಿಗಳಿಗೆ ತಲುಪಿಸಿದವರು ಯಾರೆಂದು ಕೇಳಿದರೆ ಮೂರು ಲೋಕದಲ್ಲೂ ಒಂದೇ ಹೆಸರು ಕೇಳಿಬರುತ್ತದೆ: ಶ್ರೀಮತಿ ಖಾಲಿದಾ ಅವರದು. ಉಳಿದೆರಡು ಲೋಕಗಳಲ್ಲಿ ವಿಚಾರಿಸಲು ನಮಗೆ ಪುರಸೊತ್ತಾಗಿಲ್ಲ, ಅಷ್ಟೇ.

ಮೈಸೂರಿನಲ್ಲಿ ಭೂಗೋಳ ಓದಿದ ಖಾಲಿದಾ ಅವರು ಇಪ್ಪತ್ತೇಳು ವರ್ಷಗಳ ಹಿಂದೆ ಇಲ್ಲಿನ ಒಂದು ಕೌಂಟಿಯ, ಅಂದರೆ ಜಿಲ್ಲಾಡಳಿತದ, ನಕ್ಷೆ ವಿಭಾಗವನ್ನು ಸೇರಿದರು. ಮಿಲ್ಪಿಟಾಸ್ ಊರಿನ ಮನೆಯಿಂದ ಹೊರಟ ಅವರ ಹಳೆಯ ಕಾರನ್ನು ಕಂಡರೆ ಫ್ರೀವೇ ತಾನಾಗಿಯೇ ದಾರಿ ಬಿಡುತ್ತಿತ್ತು ಎಂಬುದು ನಮ್ಮ ವಿಭಾಗದ ಅಚಲ ನಂಬಿಕೆ. ಹೊಸದಾಗಿ ಸೇರಿದ ಇಂಚರಾ ಒಮ್ಮೆ ಇಡೀ ಊರನ್ನೇ ನಕ್ಷೆಯಿಂದ ಅಳಿಸಿ ಕಣ್ಣೀರಿಡುತ್ತ ಕುಳಿತಾಗ, ಖಾಲಿದಾ ತಮ್ಮ ಊಟದ ಡಬ್ಬಿಯನ್ನು ಅವಳ ಮುಂದಿಟ್ಟು, "ಮೊದ್ಲು ತಿನ್ನಮ್ಮ. ಊರು ಎಲ್ಲೂ ಓಡಿಹೋಗಿಲ್ಲ, ಬ್ಯಾಕಪ್ಪಲ್ಲಿದೆ" ಎಂದರು.

ಅವರ ನಿದ್ದೆ ಕೆಡಿಸಿದ್ದು ನಕ್ಷೆಯ ಮೇಲಿನ ಒಂದು ಚುಕ್ಕೆ. ಅಪಾರ್ಟ್‌ಮೆಂಟುಗಳಿಗೆ ಜಾಗದ ನಟ್ಟನಡುವೆ ಒಂದೇ ಚುಕ್ಕೆ ಇಡುವುದು ಕೌಂಟಿಯ ಪದ್ಧತಿ. ಒಂದು ಕಾಂಪ್ಲೆಕ್ಸಿನ ನಟ್ಟನಡುವೆ ಇದ್ದದ್ದು ಈಜುಕೊಳ. ಹೀಗಾಗಿ ಸರ್ಕಾರದ ದೃಷ್ಟಿಯಲ್ಲಿ ನಾನೂರು ಸಂಸಾರಗಳು ನೀರಿನೊಳಗೇ ಒಲೆ ಹಚ್ಚಿ ಬಾಳುತ್ತಿದ್ದವು. ಮೂರು ವರ್ಷದ ಹಿಂದೆ, ಅಲ್ಲಿ ಮಗಳ ಮನೆಯಲ್ಲಿದ್ದ ಗದಗಿನ ಲಿಂಗಮ್ಮನವರಿಗೆ ಎದೆನೋವು ಬಂದಾಗ, ಆಂಬುಲೆನ್ಸಿನವರು ಆ ಚುಕ್ಕೆಯನ್ನು ನಂಬಿ ಕೊಳದ ಗೇಟಿಗೆ ಹೋಗಿ ನಿಂತರು. ಮನೆ ಸಿಗುವಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಅಜ್ಜಿ ಬದುಕಿದರು. ನೋಡಲು ಹೋದ ಖಾಲಿದಾ ಅವರನ್ನು, "ನಾ ಏನ್ ಮೀನೇನವಾ, ನೀರಾಗ ಹುಡುಕಾಕ?" ಎಂದು ಕೇಳಿದರು. ಖಾಲಿದಾ ನಕ್ಕರು. ಆದರೆ ಆ ಒಂಬತ್ತು ನಿಮಿಷವನ್ನು ಮರೆಯಲಿಲ್ಲ.

ಪ್ರತಿಯೊಂದು ಮನೆಬಾಗಿಲಿನ ಸ್ಥಾನವೂ ನಗರದ ಕಟ್ಟಡ ವಿಭಾಗದಲ್ಲಿ ಭದ್ರವಾಗಿತ್ತು. ಅಲ್ಲಿನ ಮುಖ್ಯಸ್ಥರು ನಮ್ಮ ಕನ್ನಡದವರೇ ಆದ ಮುನಿರಾಜು ಅವರು. ಆ ಮಾಹಿತಿ ಕೇಳಲು ಖಾಲಿದಾ ಅವರ ಬಳಿ ಹೋದರು.

"ಫಾರ್ಮ್ ಹಾಕಿ ಮೇಡಂ. ಒಂದೊಂದು ಬಿಲ್ಡಿಂಗಿಗೂ ಮೂರು ವಾರ."

"ಎದೆನೋವು ಫಾರ್ಮ್ ಹಾಕಿ ಬರಲ್ಲ ರೀ."

"ಅದ್ರಲ್ಲಿ ಜನಗಳ ಹೆಸ್ರು, ಫೋನ್ ನಂಬರ್ ಎಲ್ಲಾ ಇದೆ. ಲೀಕಾದ್ರೆ ನನ್ನ ತಲೆ ಹೋಗತ್ತೆ."

ಆ ಭಯ ನ್ಯಾಯವಾದದ್ದೆಂದು ಖಾಲಿದಾ ಮನಸಾರೆ ಒಪ್ಪಿದರು. ಎರಡು ವರ್ಷ ಕುಳಿತು, ಹೆಸರು, ನಂಬರು ಎಲ್ಲವನ್ನೂ ತೆಗೆದು ಬಾಗಿಲುಗಳನ್ನಷ್ಟೇ ಉಳಿಸುವ ವಿಧಾನವನ್ನು ರೂಪಿಸಿದರು. ಸರ್ಕಾರಿ ಕಚೇರಿಗಳು ಮತ್ತೆ ಮತ್ತೆ ಅರ್ಜಿ ಹಾಕದೆ ಅದನ್ನು ನೋಡುವಂತೆ ಒಪ್ಪಂದವನ್ನೂ ಬರೆದರು. ಆದರೂ ಅದಕ್ಕೆ ಮುನಿರಾಜು ಅವರ ಸಹಿ ಬೀಳಲಿಲ್ಲ. ಖಾಲಿದಾ ಅವರ ನಿವೃತ್ತಿಗೆ ಎಂಟು ತಿಂಗಳಷ್ಟೇ ಉಳಿದಿತ್ತು.

ಆಗ ಅವರು ಮುನಿರಾಜು ಅವರನ್ನು ಆ ಕಾಂಪ್ಲೆಕ್ಸಿನ ಲಿಂಗಮ್ಮನವರ ಮನೆಗೆ ಚಹಾಕ್ಕೆ ಕರೆದರು. "ಆಂಬುಲೆನ್ಸಿನವರ ನಕ್ಷೆ ಹಿಡ್ಕೊಂಡು ಬನ್ನಿ. ಯಾರನ್ನೂ ಕೇಳ್ಬೇಡಿ." ಮುನಿರಾಜು ಮೊದಲು ಕೊಳದ ಬಳಿ ನಿಂತರು, ಆಮೇಲೆ ಒಂದೇ ಬಣ್ಣದ ಹನ್ನೆರಡು ಕಟ್ಟಡಗಳನ್ನು ಸುತ್ತಿದರು. ಸುತ್ತಿದ ದೂರ ಬೆಂಗಳೂರಿನಿಂದ ತುಮಕೂರಿಗೇನೂ ಕಡಿಮೆಯಿರಲಾರದು. ಹದಿನಾಲ್ಕು ನಿಮಿಷದ ಮೇಲೆ ಬೆವರೊರೆಸುತ್ತ ಬಾಗಿಲಿಗೆ ಬಂದರೆ, ಲಿಂಗಮ್ಮ ತಣ್ಣಗಾದ ಚಹಾ ಹಿಡಿದು ಕಾಯುತ್ತಿದ್ದರು.

"ಬರ್ರಿ ಸಾಹೇಬ್ರ. ನೀವು ಬರೂದ್ರಾಗ ನಾ ಎರಡ್ ಸಲ ಸಾಯ್ತಿದ್ದೆ."

ಮುನಿರಾಜು ತಣ್ಣಗಿನ ಚಹಾ ಕುಡಿದು ಮುಗಿಸಿ, "ಪೆನ್ ಇದ್ಯಾ ಮೇಡಂ?" ಎಂದರು.

ಕಳೆದ ತಿಂಗಳು ಲಿಂಗಮ್ಮನವರಿಗೆ ಮತ್ತೆ ಎದೆನೋವು ಬಂತು. ಆಂಬುಲೆನ್ಸಿನವರು ಈ ಸಲ ನೇರವಾಗಿ ಅವರ ಬಾಗಿಲನ್ನೇ ತಟ್ಟಿದರು. ಆಸ್ಪತ್ರೆಯಿಂದಲೇ ಅಜ್ಜಿ ಖಾಲಿದಾ ಅವರಿಗೆ ಫೋನು ಮಾಡಿ ದೂರಿದರಂತೆ: "ಎಂಥಾ ಅವಸರದ ಮಂದಿ ಇವರು! ಸೀರಿ ಸರಿ ಮಾಡ್ಕೊಳ್ಳಾಕೂ ಬಿಡಲಿಲ್ಲ."

ಇಷ್ಟು ಉತ್ಪ್ರೇಕ್ಷೆ ಮಾಡಿದ ನಾವು ಈ ಒಂದಕ್ಕೆ ಮಾತ್ರ ಏನನ್ನೂ ಕೂಡಿಸಿಲ್ಲ, ಕಳೆದಿಲ್ಲ: ಆ ಫೋನಿಟ್ಟ ಮೇಲೆ ಖಾಲಿದಾ ಅವರು ಪಕ್ಕದ ಕೌಂಟಿಯ ನಕ್ಷೆಯನ್ನು ತೆರೆದು ಅಲ್ಲಿನ ಈಜುಕೊಳಗಳನ್ನು ಎಣಿಸತೊಡಗಿದರು. ಅವೆಲ್ಲ ಮುಗಿಯುವಷ್ಟು ಆಯುಷ್ಯ, ಆರೋಗ್ಯ ಅವರದಾಗಲಿ. ನಿವೃತ್ತಿಯ ಪತ್ರ ಅವರ ಮೇಜಿನ ಮೇಲಿದೆ. ಅದನ್ನು ಓದಲು ಅವರಿಗಿನ್ನೂ ಬಿಡುವಾಗಿಲ್ಲ.