ಪೇಡೆ ತಂದಿಡ್ರಿ ಅಂದೆ

ಅದಿರಿನ ಲಾರಿ ಬಿಟ್ಟ ಮೇಲೆ ನನಗೆ ಸಿಕ್ಕ ಕೆಲಸ ಸ್ಕ್ಯಾನಿಂಗ್ ಜೀಪು ಓಡಿಸುವುದು. ಹೊಸಪೇಟೆಯಿಂದ ಡಾಕ್ಟರಮ್ಮನನ್ನೂ ಸಿಸ್ಟರನ್ನೂ ಕೂರಿಸಿಕೊಂಡು ಸಂಡೂರಿನ ಗುಡ್ಡದ ಹಿಂದಿನ ಹಟ್ಟಿಗಳಿಗೆ ಹೋಗುತ್ತೇನೆ. ಮಷಿನ್ನು ಊಟದ ಡಬ್ಬಿಯ ಚೀಲದಷ್ಟೇ ದೊಡ್ಡದು. ಅಂಗನವಾಡಿಯ ಚಾಪೆಯ ಮೇಲೆ ಬಸುರಿಯನ್ನು ಮಲಗಿಸಿ ಹೊಟ್ಟೆಯ ಮೇಲೆ ಅದರ ಹಿಡಿಕೆ ಆಡಿಸಿದರೆ ಒಳಗಿನ ಕೂಸು ಕಾಣಿಸುತ್ತದಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಒಂದು ಸಲವೂ ನೋಡಿಲ್ಲ. ನಾನು ಹೊರಗೆ, ಜೀಪಿನ ಬಳಿ.

ಗಂಡೋ ಹೆಣ್ಣೋ ಎಂದು ಡಾಕ್ಟರಮ್ಮ ಹೇಳುವಂತಿಲ್ಲ, ಹೇಳಿದರೆ ಜೈಲು. ಹಾಗೆಂದು ಬರೆದ ಬೋರ್ಡನ್ನು ಗೋಡೆಗೆ ನೇತುಹಾಕುವವನೇ ನಾನು. ಆದರೂ ಅತ್ತೆಯಂದಿರು ಅಲ್ಲಿಂದ ನೇರ ನನ್ನ ಹತ್ತಿರ ಬರುತ್ತಿದ್ದರು. ಡಾಕ್ಟರ ಜೊತೆ ದಾರಿಯುದ್ದಕ್ಕೂ ಕೂತು ಬರುವವನಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಗೊತ್ತಿಲ್ಲ ಎಂದರೆ, "ಡ್ರೈವರಣ್ಣ ಭಾಳ ಬಿಗಿ ಬಿಡ್ರವಾ" ಎಂದು ನಗುತ್ತಿದ್ದರು.

ಒಂದು ದಿನ ಒಬ್ಬಾಕೆ ತನ್ನ ಹಿರಿ ಸೊಸೆಯನ್ನು ಕರೆತಂದಿದ್ದಳು. ಡಾಕ್ಟರಮ್ಮ ಹೊರಗೆ ಬಂದು ನನ್ನೆದುರೇ ಹೇಳಿದರು: ಕಸ, ಅಂದರೆ ಮಾಸು, ಕೂಸಿನ ದಾರಿಗೆ ಅಡ್ಡ ಕೂತಿದೆ, ಮನೆಯಲ್ಲಿ ನೋವು ಶುರುವಾದರೆ ರಕ್ತ ನಿಲ್ಲುವುದಿಲ್ಲ, ದಿನ ತುಂಬುವ ಮೊದಲೇ ಹೊಸಪೇಟೆಯ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

"ನಾನು ಎಲ್ಲಾ ಮಕ್ಕಳ್ನೂ ಮನ್ಯಾಗ ಹಡದೀನ್ರಿ ಅಮ್ಮ. ನನ್ನ ಹೊಟ್ಟ್ಯಾಗ ಯಾರು ಇಣುಕಿ ನೋಡಿದ್ರು?" ಎಂದಳು ಅತ್ತೆ.

ಎಷ್ಟು ಹೇಳಿದರೂ ಆಕೆ ಬಗ್ಗಲಿಲ್ಲ. ಸೊಸೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು. ಡಾಕ್ಟರಮ್ಮ ಒಳಗೆ ಹೋದ ಮೇಲೆ ಅತ್ತೆ ನನ್ನ ಹತ್ತಿರ ಬಂದಳು.

"ಅದೆಲ್ಲಾ ಇರ್ಲಿ ಅಣ್ಣಾ. ಏನಂತ?"

ನಮ್ಮ ಕಡೆ ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವ ರೂಢಿ.

"ಪೇಡೆ ತಂದಿಡ್ರಿ" ಅಂದೆ. "ಅಂಥಾದ್ದನ್ನ ಮನ್ಯಾಗ ಹಡಿಸಾಕ ಹೋಗಿ ಕಳ್ಕೊಂಡೀರಿ ಮತ್ತ."

ಅವರು ಕಾರು ಮಾಡಿಕೊಂಡು ಹೊಸಪೇಟೆಗೆ ಹೋದರು. ಆಪರೇಶನ್ ಆಯಿತು, ರಕ್ತ ಕೊಡಬೇಕಾಯಿತು, ತಾಯಿ ಉಳಿದಳು. ಕೂಸು ಹೆಣ್ಣು.

ಬಾಣಂತಿಯನ್ನು ಕಂಪ್ಲಿಯ ತವರಿಗೆ ಕಳಿಸಿದರು. ಬಾಣಂತನ ಮುಗಿದು, ಕೂಸು ಅಂಬೆಗಾಲಿಡುವಂತಾದರೂ ಕರೆತರಲು ಯಾರೂ ಹೋಗಿಲ್ಲ. ನಾನೇ ಒಮ್ಮೆ ಹೋಗಿದ್ದೆ, ಯಾಕೆ ಹೋದೆನೋ. ಅಂಗಳದಲ್ಲಿ ಮಗಳಿಗೆ ಎಣ್ಣೆ ಹಚ್ಚುತ್ತಿದ್ದಳು. "ನಮ್ಮತ್ತಿ ಚೊಲೋ ಅದಾರೇನ್ರಿ ತಾತಾ?" ಎಂದು ಕೇಳಿದಳು. ಚಹಾ ಕೊಟ್ಟಳು. ಕುಡಿದು ಎದ್ದು ಬಂದೆ, ಹೇಳಬೇಕಾದ್ದನ್ನು ಹೇಳಲಿಲ್ಲ. ಅವಳು ಬದುಕಿರುವುದು ನನ್ನ ಸುಳ್ಳಿನಿಂದ, ತವರಿನಲ್ಲಿ ಉಳಿದಿರುವುದೂ ಬಹುಶಃ ಅದರಿಂದಲೇ. ಪೇಡೆಯ ಆಸೆ ಹುಟ್ಟಿಸದಿದ್ದರೆ ಹೆಣ್ಣಾದರೂ ಇರಲಿ ಎನ್ನುತ್ತಿದ್ದರೇ? ಅಥವಾ ಅವಳೇ ಇರುತ್ತಿರಲಿಲ್ಲವೇ? ಮಾಡಿದ್ದು ಪಾಪ ಎಂದು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಆ ಕೂಸು ಎಣ್ಣೆಗಾಲು ಝಾಡಿಸಿದ್ದು ಕಣ್ಣಿಗೆ ಬರುತ್ತದೆ.

ಈಗ ಆ ಅತ್ತೆಯ ಕಿರಿ ಸೊಸೆ ಬಸುರಿ. ಕಾಲು ಊದಿದೆ, ತಲೆನೋವು ಬಿಡುತ್ತಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಿದರೂ ಅತ್ತೆ ನಮ್ಮ ಹತ್ತಿರ ಕಳಿಸುತ್ತಿರಲಿಲ್ಲ. ಆ ಮಷಿನ್ ಸುಳ್ಳು ಹೇಳುತ್ತದೆ ಎಂದು ಹಟ್ಟಿಯೆಲ್ಲ ಸಾರಿದ್ದಳು. ಬೇರೆ ಮನೆಯವರೂ ಹಿಂದೆಗೆದರು. "ಇವರಿಗೆಲ್ಲ ಏನಾಯ್ತು?" ಎಂದು ಡಾಕ್ಟರಮ್ಮ ದಾರಿಯಲ್ಲಿ ನನ್ನನ್ನೇ ಕೇಳುತ್ತಿದ್ದರು. ನಾನು ಗೇರು ಬದಲಿಸುತ್ತಿದ್ದೆ.

ಹೋದ ವಾರ ತಡೆಯಲಾರದೆ ಆ ಅತ್ತೆಯ ಮನೆಗೆ ಹೋದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ಮಷಿನ್ ಏನೂ ಹೇಳಿದ್ದಿಲ್ಲ. ಡಾಕ್ಟ್ರೂ ಹೇಳಿದ್ದಿಲ್ಲ. ನೀವು ದವಾಖಾನಿಗೆ ಹೋಗ್ಲೆಂತ ನಾನ ಕಟ್ಟಿ ಹೇಳಿದ್ದು."

"ಹಿಂಗ ಹೇಳಿ ಬಾ ಅಂತ ಡಾಕ್ಟ್ರು ಕಳಿಸ್ಯಾರೇನು?"

"ನನ್ನ ಮೊಮ್ಮಕ್ಕಳಾಣಿ."

"ಮಕ್ಕಳ ಮ್ಯಾಲ ಆಣಿ ಇಡಬ್ಯಾಡ್ರಿ ಅಣ್ಣಾ." ಮೊರ ಕೆಳಗಿಟ್ಟಳು. "ಗೊತ್ತಿಲ್ದಾರು ಅಷ್ಟು ಗಟ್ಟ್ಯಾಗಿ ಹೇಳ್ತಾರೇನು? ನಿಮಗ ಗೊತ್ತಿತ್ತು. ಹೆಣ್ಣಂತ ಗೊತ್ತಿದ್ದೂ ನನಗ ಪೇಡೆ ಅಂದ್ರಿ. ಮಷಿನ್ನಿಂದೇನೂ ತಪ್ಪಿಲ್ಲ ಅನ್ರಿ ಹಂಗಾರ."

ಆಕೆ ಮತ್ತೆ ಮೊರ ಎತ್ತಿಕೊಂಡಳು.

"ಸಣ್ಣಾಕಿನ ಕರ್ಕೊಂಡು ಬರ್ತೀನಿ. ಆದ್ರ ಈ ಸಲ ಖರೇ ಹೇಳಬೇಕು ನೋಡ್ರಿ."

ಬಾಗಿಲಲ್ಲಿ ಕಿರಿ ಸೊಸೆ ನಿಂತಿದ್ದಳು. ಊದಿದ ಬೆರಳಿನಲ್ಲಿ ಕಾಲುಂಗುರ ಹೂತುಹೋಗಿತ್ತು. ಇಲ್ಲ ಎಂದರೆ ಅವಳು ಬರುವಂತಿರಲಿಲ್ಲ.

"ಕರ್ಕೊಂಡು ಬರ್ರಿ" ಅಂದೆ. ಹೇಳುತ್ತೇನೆ ಎಂದು ನಾನು ಮಾತು ಕೊಟ್ಟಿಲ್ಲ. ಆದರೆ ಆಕೆ ಅದನ್ನೇ ಮಾತು ಎಂದುಕೊಂಡು ಒಳಗಿನಿಂದ ಮಜ್ಜಿಗೆ ತಂದಳು, ನಾನು ಕುಡಿದೆ.

ನಾಳೆ ಆ ಹಟ್ಟಿಗೆ ಹೋಗುವ ದಿನ. ದಾರಿಯಲ್ಲೇ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಬೇಕು ಎಂದುಕೊಂಡಿದ್ದೇನೆ. ಹೇಳಿದರೆ ನನ್ನನ್ನು ಕೆಲಸದಿಂದ ಬಿಡಿಸಬಹುದು, ಬಿಡಿಸಲಿ. ಆದರೆ ನಾನಿಲ್ಲದಿದ್ದರೆ ಆಕೆ ಸೊಸೆಯನ್ನು ಕರೆತರುತ್ತಾಳೆಯೇ? ಹಾಗಾದರೆ ಸ್ಕ್ಯಾನಿಂಗ್ ಮುಗಿದ ಮೇಲೆ ಹೇಳುತ್ತೇನೆ. ಅಷ್ಟರಲ್ಲಿ ಆಕೆ ನನ್ನ ಮುಂದೆ ಬಂದು ನಿಂತಿರುತ್ತಾಳೆ. ಗೊತ್ತಿಲ್ಲ ಎನ್ನುವುದೊಂದೇ ನನ್ನ ಬಳಿ ಇರುವ ನಿಜ, ಅದನ್ನು ಆಕೆಗೆ ಹೇಗೆ ಹೇಳಲಿ?