ಚಿಕ್ಕಬೀರಪ್ಪನ ಕೂಗು

ಚಿಕ್ಕಬೀರಪ್ಪ ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಕುರಿಗಳಿಗೆ ಹಾಕುವ ‘ಹೋ...ರ್ರ್’ ಎಂಬ ಕೂಗನ್ನೇ ಬಾಗಿಲಲ್ಲಿ ನಿಂತು ಒಂದು ಸಲ ಹಾಕುವನು. ಒಳಗೆ ವರದಮ್ಮ ಒಲೆಗೆ ಹಂಚು ಇಡುವಳು. “ನಾನೂ ನಿಮ್ ಹಿಂಡಿನ್ ಕುರೀನೇ ಬಿಡ್ರಿ” ಎಂದು ಮುಖ ಊದಿಸುವಳು. ಕೂಗು ತಡವಾದ ದಿನ ನಾಲ್ಕು ಸಲ ಬಾಗಿಲಿಗೆ ಬಂದು ಇಣುಕುವವಳೂ ಅವಳೇ.

ಸುಗ್ಗಿ ಮುಗಿದರೆ ಶಿಕಾರಿಪುರದ ಕಡೆಯಿಂದ ಸೊರಬದ ಉಳವಿಯವರೆಗೂ ಅವನ ಹಿಂಡು ಹೋಗುತ್ತಿತ್ತು. ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುವ ರೈತರು ಕೂಗು ಕೇಳಿಯೇ “ಬೀರಪ್ಪ ಬಂದ” ಎನ್ನುತ್ತಿದ್ದರು. ಹೋದ ವರ್ಷ ಗಂಟಲಲ್ಲಿ ಗಂಟಾಯಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಯಾರ ಮೊಬೈಲಿನಲ್ಲೂ ಆ ಕೂಗು ಇರಲಿಲ್ಲ. ದಿನವೂ ಕೇಳುವುದನ್ನು ಯಾರು ತಾನೇ ಹಿಡಿದಿಡುತ್ತಾರೆ? ಕರೆಯಲಾಗದವನ ಹಿಂದೆ ಕುರಿ ಬರವು. ದೀಪಾವಳಿಗೆ ಹಿಂಡನ್ನು ತಮ್ಮ ಮಾಳೇಶನಿಗೆ ಒಪ್ಪಿಸುವುದೆಂದು ಮಾತಾಯಿತು. ಅಂದಿನಿಂದ ಚಿಕ್ಕಬೀರಪ್ಪ ಊಟವನ್ನೇ ಕಡಿಮೆ ಮಾಡಿದ.

ಮಗಳು ಸಂಗೀತ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವವಳು. ಗುಜರಿಗೆ ಬಿದ್ದಿದ್ದ ಅಂಗೈಯಗಲದ ಕಂಪ್ಯೂಟರೊಂದನ್ನು ಸರಿಮಾಡಿ, ಅದಕ್ಕೆ ಸಿಂಥಸೈಜರ್ ಪ್ರೋಗ್ರಾಂ ಹಾಕಿ ತಂದಳು. ಗುಂಡಿ ಒತ್ತಿದಂತೆಲ್ಲ ಅದು ತನಗೆ ತೋಚಿದ ಹೊಸ ಸದ್ದೊಂದನ್ನು ಹುಟ್ಟಿಸುತ್ತಿತ್ತು.

“ಸಾವಿರ ಸಲ ಒತ್ತಿದ್ರೆ ಒಂದಾದ್ರೂ ನಿನ್ ಕೂಗು ಸಿಗಲ್ವೇನಪ್ಪಾ?”

ಒಂದು ಕಪ್ಪೆಯಂತೆ ವಟಗುಟ್ಟಿತು, ಒಂದು ಹಳೇ ಬಸ್ಸಿನ ಹಾರ್ನಿನಂತೆ ಅರಚಿತು. ಚಿಕ್ಕಬೀರಪ್ಪ ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದ. ತನ್ನ ಕೂಗು ತನಗೆ ಗೊತ್ತಿಲ್ಲವೇ! ಮೂರನೆಯ ಸಂಜೆ ಒರಟಾದ, ಬಿರುಕುಬಿಟ್ಟ ಸದ್ದೊಂದು ಬಂತು. ಅವನು ಜೋರಾಗಿ ಕೈಬೀಸಿದ, ಸಂಗೀತ ಮುಂದಿನದನ್ನು ಒತ್ತಿದಳು.

ಅಷ್ಟರಲ್ಲಿ ವರದಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಕರೆದ್ರೇನ್ರೀ?”

ಕೇಳಿದ ಮೇಲೆ ಗಂಡನಿಗೆ ದನಿಯಿಲ್ಲದ್ದು ನೆನಪಾಗಿ, ಹೊಸಿಲ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತನ್ನ ಕೂಗು ಬೇರೆಯವರಿಗೆ ಹೇಗೆ ಕೇಳುತ್ತಿತ್ತೆಂಬುದು ತನಗೆ ಗೊತ್ತೇ ಇರಲಿಲ್ಲವೆಂದು ಚಿಕ್ಕಬೀರಪ್ಪನಿಗೆ ಆಗ ಹೊಳೆಯಿತು. ಆದರೆ ಆ ಸದ್ದನ್ನು ಸಂಗೀತ ಉಳಿಸಿಕೊಂಡಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಾರನೆಯ ದಿನದಿಂದ ಹೌದು, ಅಲ್ಲ ಎನ್ನುವವರು ಬದಲಾದರು. ವರದಮ್ಮ ಒಳಗೆ ರೊಟ್ಟಿ ತಟ್ಟುವುದು, ಅಪ್ಪ ಮಗಳು ಹೊರಗೆ ಒಂದೊಂದೇ ಸದ್ದನ್ನು ಉಳಿಸಿಕೊಂಡು ನುಡಿಸುವುದು. ಹನ್ನೊಂದು ದಿನ ರೊಟ್ಟಿ ತಟ್ಟುವ ಸದ್ದು ನಿಲ್ಲಲಿಲ್ಲ. ಹನ್ನೆರಡನೆಯ ದಿನ ನಿಂತಿತು.

“ಬಂದೆ ಕಣ್ರೀ” ಎಂದಳು ವರದಮ್ಮ ಒಳಗಿನಿಂದ, ಬಹಳ ಮೆತ್ತಗೆ.

ಬೆಳಿಗ್ಗೆ ಕೆರೆಯಂಗಳದಲ್ಲಿ ಚಿಕ್ಕಬೀರಪ್ಪ ಗುಂಡಿ ಒತ್ತಿದ. ಮುಂದಾಳು ಮುದಿ ಕುರಿ ತಲೆಯೆತ್ತಿ, ಕಿವಿ ಅಲುಗಿಸಿ, ತಿರುಗಿತು. ಅದರ ಬೆನ್ನಿಗೇ ಹಿಂಡೆಲ್ಲ ಧೂಳೆಬ್ಬಿಸಿಕೊಂಡು ಬಂತು. ನೋಡುತ್ತಿದ್ದ ಮಾಳೇಶ ಕಣ್ಣೊರೆಸಿಕೊಂಡು, “ಹಿಂಡು ನಿಂದೇ ಅಣ್ಣ, ನಾನ್ ಮುಟ್ಟಲ್ಲ” ಎಂದ.

ಸಂಜೆ ಬಾಗಿಲಲ್ಲಿ ನಿಂತು ಒಂದು ಸಲ ಒತ್ತಿದ. ಹಂಚು ಒಲೆಗೇರಿದ ಸದ್ದಾಯಿತು, ವರದಮ್ಮ ಹೊರಬಂದಳು. ಅವನು ಯಂತ್ರವನ್ನು ಜೇಬಿಗಿಳಿಸಿ, ಅವಳ ಮುಖವನ್ನೇ ನೋಡುತ್ತ, ದನಿಯಿಲ್ಲದ ತುಟಿಗಳಲ್ಲಿ ನಿಧಾನವಾಗಿ ಅವಳ ಹೆಸರು ಹೇಳಿದ.

“ಬಾಯಿದ್ದಾಗ ಏನಾಗಿತ್ರೀ ನಿಮ್ಗೆ?” ಎಂದು ವರದಮ್ಮ ಅಳುತ್ತಲೇ ಗದರಿದಳು. “ಇನ್ನೊಂದ್ಸಲ ಹೇಳ್ರಿ.”