ಅಸ್ಕಾಲೆಯ ಬಲ ಅಂಗೈ

ಗೊಜ್ಜಾಮ್ ಸೀಮೆಯ ನಮ್ಮೂರಿನಲ್ಲಿ ಮೂರು ಅಧಿಕಾರಗಳಿವೆ: ಸರ್ಕಾರದ್ದು, ಇಗರ್ಜಿಯದ್ದು, ಅಸ್ಕಾಲೆಯ ಬಲ ಅಂಗೈಯದ್ದು. ಮೊದಲೆರಡನ್ನು ಬೈದು ಬದುಕಿದವರುಂಟು. ಮೂರನೆಯದಿಲ್ಲದೆ ಒಂದು ಮದುವೆಯೂ ನಡೆದಿಲ್ಲ. ಮೊದಲು ನೆಂಟರ, ಆಮೇಲೆ ಮದುಮಗಳ ನೆತ್ತಿಗೆ ಬೆಣ್ಣೆಯುಂಡೆ ಇಟ್ಟು ತಟ್ಟುವವಳು ಅವಳೇ. ಬೆಣ್ಣೆ ಬಿಳಿ ಟೋಪಿಯಂತೆ ಕುಳಿತು, ಊಟದ ಹೊತ್ತಿಗೆ ಮೆಲ್ಲಗೆ ಕೂದಲ ಬುಡಕ್ಕಿಳಿಯಬೇಕು. ಅವಳಿಟ್ಟದ್ದನ್ನು ಅವಳೇ ಒರೆಸಬೇಕು. ಬೇರೆ ಕೈ ತಾಗಿದರೆ ಆಶೀರ್ವಾದ ಅಳಿಸಿಹೋಗುತ್ತದೆ.

ನಮ್ಮೂರ ಚೆಕೋಲನ ಮಗಳ ಮದುವೆ ಗೊತ್ತಾದಾಗ, ಬೇಲಿಯಾಚೆ ಬೆಣ್ಣೆ ಮಾರುವ ಮಮಿಟೆ ಕೆಣಕಿದಳು: "ಏನವ್ವಾ, ನಿನ್ ಹಸು ಬೋರಾಗೆ ವಯಸ್ಸಾಯ್ತಲ್ಲ. ಈ ಸಲ ಬೆಣ್ಣೆ ನಂದಾದ್ರೆ ಹೆಂಗೆ?"

"ನಿನ್ ಬೆಣ್ಣೆ ಗೋಡೆ ಕಟ್ಟಕ್ಕೆ ಸರಿ ಕಣೆ," ಎಂದ ಅಸ್ಕಾಲೆ ಅಂದೇ ದಂಡಯಾತ್ರೆ ಹೊರಟಳು. "ಬಾಯಿಗೆ ಎಣ್ಣೆ ಹಾಕಿದ್ರೆ ಕೆಚ್ಚಲಲ್ಲಿ ಬೆಣ್ಣೆ ಬರ್ದೆ ಎಲ್ಲಿಗ್ ಹೋಗುತ್ತೆ?"

ಬೋರಾಳಿಗೆ ಬಾಣಂತಿಯ ಉಪಚಾರ ಶುರುವಾಯಿತು. ಹುಲ್ಲಿನ ಬದಲು ಅರೆದ ಅಗಸೆ, ಹುರಿದು ಕುಟ್ಟಿದ ಹುಚ್ಚೆಳ್ಳು, ಮೇಲೊಂದು ಸೌಟು ಎಣ್ಣೆ. ಬೋರಾ ಮಿರಮಿರ ಮಿಂಚಿದಳು. ಮೊಸರು ಕಡೆದರೆ ಮಾತ್ರ ಬೆಣ್ಣೆ ಮೊದಲಿನ ಅರ್ಧವೂ ಬರಲಿಲ್ಲ. ಬಂದದ್ದು ಬೆರಳಿನಿಂದ ಜಾರಿತು.

"ನಯ ನೋಡ್ರಿ, ರೇಷ್ಮೆ!" ಎಂದಳು ಅಸ್ಕಾಲೆ. ನಾವೆಲ್ಲ ತಲೆದೂಗಿದೆವು. ಅದೇ ತಲೆಗಳಿಗೆ ಶಿಕ್ಷೆಯಾಯಿತು.

ಮದುವೆಯ ಬೆಳಿಗ್ಗೆ ಸಾಲಾಗಿ ಕುಳಿತ ನಮ್ಮ ನೆತ್ತಿಗಳ ಮೇಲೆ ಬೆಣ್ಣೆ ಬಿತ್ತು. ಬಿಸಿಲೇರುವ ಮೊದಲೇ ಹೊರಟಿತು: ಹಣೆ, ಹುಬ್ಬು, ಕಣ್ಣು, ಗಡ್ಡ. ಒರೆಸುವಂತಿಲ್ಲ. ಕಣ್ಣು ಮುಚ್ಚಿ ಋಷಿಗಳಾದೆವು. ಊರ ನಾಯಿಗಳು ಬಂದು ನಮ್ಮ ಕಿವಿಗಳನ್ನು ಭಕ್ತಿಯಿಂದ ನೆಕ್ಕಿದವು. ಅಷ್ಟರಲ್ಲಿ ವರ ಹೇಸರಗತ್ತೆಯಿಂದ ಇಳಿದ. ಚೆಕೋಲ್ ತಡವರಿಸುತ್ತ ಎದ್ದು, ಸಿಕ್ಕಿದ ತಲೆಯ ಮೇಲೆ ಎರಡೂ ಕೈಯಿಟ್ಟ: "ಹನ್ನೆರಡು ಮಕ್ಕಳ ತಂದೆಯಾಗಪ್ಪ!"

"ಮಾವಾ, ನಾನು ಈ ಕಡೆ."

ಕುಲದಲ್ಲೇ ಸಂತಾನವಿಲ್ಲದ ಹೇಸರಗತ್ತೆ ಆಶೀರ್ವಾದವನ್ನು ಗಂಭೀರವಾಗಿ ಸ್ವೀಕರಿಸಿತು.

ಮದುಮಗಳ ತಲೆ ಇನ್ನೂ ಬಾಕಿ. ಅಲ್ಲೂ ಬೆಣ್ಣೆ ಹರಿದರೆ ಅಂಗೈಯ ರಾಜ್ಯ ಮುಗಿದಂತೆ. ಅಸ್ಕಾಲೆ ಓಡಿದ್ದು, ಮದುವೆಗೆ ಬಾರದೆ ಮನೆಯಲ್ಲಿ ಬಿಗಿದುಕೊಂಡು ಕುಳಿತಿದ್ದ ಮಮಿಟೆಯ ಬಾಗಿಲಿಗೆ.

"ಎಣ್ಣೆ ಕುಡಿಸಿದ್ರೆ ಬೆಣ್ಣೆನೂ ಎಣ್ಣೆ ಬುದ್ಧಿ ಕಲಿಯುತ್ತೆ ಕಣೆ," ಎಂದಳು ಮಮಿಟೆ. "ನನ್ ಹಸುಗೆ ಒಣಹುಲ್ಲು, ಹತ್ತಿಬೀಜದ ಹಿಂಡಿ, ಅಷ್ಟೆ. ಬೇಕಾ? ತಗೋ. ಆದ್ರೆ ಒಂದುಂಡೆ ನಿನ್ ತಲೆ ಮೇಲಿಟ್ಕೊಂಡು ಸಂತೆಬೀದೀಲಿ ನಡಿಬೇಕು. ಕೇಳಿದೋರಿಗೆಲ್ಲ ಮಮಿಟೆ ಬೆಣ್ಣೆ ಅನ್ಬೇಕು."

ಸುಡುಬಿಸಿಲಲ್ಲಿ ಅಸ್ಕಾಲೆ ನಡೆದಳು. ನೆತ್ತಿಯ ಮೇಲೆ ಬಿಳಿ ಕೋಟೆ ಅಲುಗಲಿಲ್ಲ.

"ಯಾರ್ದಕ್ಕಾ ಅದು?"

"ಮಮಿಟೆದು!" ಹಲ್ಲುಕಚ್ಚಿ, ಅಂಗಡಿ ಅಂಗಡಿಯ ಮುಂದೆ.

ಮದುಮಗಳ ಬೆಣ್ಣೆ ಊಟದವರೆಗೂ ನಿಂತಿತು. ಕಡೆಗೆ ಅದೇ ಅಂಗೈ ನಮ್ಮ ಕಣ್ಣೊರೆಸಿತು. ನಮಗೆ ಮೊದಲು ಕಂಡದ್ದು, ಮಮಿಟೆಯ ಬೆಣ್ಣೆಯಡಿ ಇನ್ನೂ ಹಲ್ಲುಕಚ್ಚಿದ್ದ ಅಸ್ಕಾಲೆಯ ಮುಖ. ಅದನ್ನು ನೋಡಿ ಯಾರಿಗೂ ಬೈಯುವ ಧೈರ್ಯ ಬರಲಿಲ್ಲ.

ಬೋರಾ ಈಗ ಒಣಹುಲ್ಲಿಗೆ ಮರಳಿದ್ದಾಳೆ. ಒಡತಿಯನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಬೆಣ್ಣೆ ಗಟ್ಟಿಯಾಗಿದೆ. ಊರು ಮಾತ್ರ ನಂಬುವುದಿಲ್ಲ. ಪ್ರತಿ ಮದುವೆಗೂ ಮೊದಲು ಅಸ್ಕಾಲೆ ಬೋರಾಳ ಬೆಣ್ಣೆಯನ್ನು ತನ್ನ ನೆತ್ತಿಯ ಮೇಲಿಟ್ಟು ಸಂತೆಬೀದಿ ದಾಟಿ ತೋರಿಸಬೇಕು. ಹಿಂದೆ ನಾಯಿಗಳು, ಇನ್ನೂ ಭರವಸೆ ಬಿಡದೆ.